ಅನಂತಪುರದಿಂದ ಕರ್ನೂಲಿಗೆ ಒಂದೇ ದಿನ: ಒಂಬತ್ತನೆಯ ದಿನದ 150 ಕಿಲೋಮೀಟರ್

ಓದುಗರ ಪ್ರಶ್ನೆ: ನಾನು ಮಂಡ್ಯದಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 44. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಹಣ ಸಂಗ್ರಹಿಸಲು ಡಿಸೆಂಬರ್ ನಡುವಿನಲ್ಲಿ ಕನ್ಯಾಕುಮಾರಿಯಿಂದ ದೆಹಲಿಗೆ ಹೊರಡುವ ಸೈಕಲ್ ಯಾತ್ರೆಗೆ ಹೆಸರು ಕೊಟ್ಟಿದ್ದೇನೆ. ಉಳಿದ ದಿನಗಳಲ್ಲಿ ನೂರರ ಆಸುಪಾಸು ದೂರವಿದ್ದರೆ, ಒಂಬತ್ತನೆಯ ದಿನ ಮಾತ್ರ ಅನಂತಪುರದಿಂದ ಕರ್ನೂಲಿನವರೆಗೆ ಸುಮಾರು 150 ಕಿ.ಮೀ. ಹೋಗಬೇಕು. ನಾನು ಈವರೆಗೆ ಒಂದೇ ದಿನ ಕ್ರಮಿಸಿದ ಗರಿಷ್ಠ ದೂರ 70 ಕಿ.ಮೀ. ಹತ್ತು ವಾರ ಉಳಿದಿದೆ, ಹೈಬ್ರಿಡ್ ಸೈಕಲ್ ಇದೆ. ಸ್ನೇಹಿತರು, ಗ್ರಾಹಕರು ಕಿಲೋಮೀಟರಿಗೆ ಇಷ್ಟು ಎಂದು ದೇಣಿಗೆ ಬರೆಸಿರುವುದರಿಂದ ಒಂದು ಕಿಲೋಮೀಟರನ್ನೂ ವ್ಯಾನಿನಲ್ಲಿ ಕುಳಿತು ಹೋಗಲು ನನಗೆ ಮನಸ್ಸಿಲ್ಲ. ಆ ದಿನಕ್ಕೆ ಹೇಗೆ ತಯಾರಾಗಲಿ?

ತಜ್ಞರ ಉತ್ತರ: ಹತ್ತು ವಾರಗಳಲ್ಲಿ ಎಪ್ಪತ್ತರಿಂದ ನೂರೈವತ್ತಕ್ಕೆ ಹೋಗುವುದು ಸಾಧ್ಯವಿದೆ, ಅದರ ಬಗ್ಗೆ ಆತಂಕ ಬೇಡ. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿದ್ದು, ದೂರದ ಸೈಕಲ್ ಸವಾರರ ಮಂಡಿ, ಸೊಂಟ, ಅಂಗೈಗಳನ್ನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಇಂಥ ದಿನಗಳಲ್ಲಿ ಕಾಲಿನ ಶಕ್ತಿ ಸಾಲದೆ ಸೋತವರನ್ನು ನೋಡಿದ್ದು ಅಪರೂಪ. ಹೆಚ್ಚಿನವರು ಸೋಲುವುದು ಬೆಳಗಿನ ಮೊದಲ ಎರಡು ಗಂಟೆಗಳಲ್ಲಿ ಮಾಡಿದ ತಪ್ಪುಗಳಿಂದ; ಸೋತದ್ದು ಅವರಿಗೆ ತಿಳಿಯುವುದು ಮಾತ್ರ ಮಧ್ಯಾಹ್ನ ಎರಡು ಗಂಟೆಯ ಮೇಲೆ. ಆದ್ದರಿಂದ ಈ ಉತ್ತರದ ಬಹುಪಾಲನ್ನು ವ್ಯಾಯಾಮಕ್ಕಿಂತ ಲೆಕ್ಕಾಚಾರಕ್ಕೆ ಮೀಸಲಿಡುತ್ತೇನೆ. ಬ್ಯಾಂಕಿನಲ್ಲಿರುವ ನಿಮಗೆ ಅದು ಬೇಸರ ತರಲಾರದು ಎಂದುಕೊಂಡಿದ್ದೇನೆ.

ಮೊದಲು ಸಮಯದ ಲೆಕ್ಕ. ನಿಮ್ಮ ಹೈಬ್ರಿಡ್ ಸೈಕಲ್ಲಿನಲ್ಲಿ ಗಂಟೆಗೆ 21 ಕಿ.ಮೀ. ಸರಾಸರಿ ಹಿಡಿದರೆ 150 ಕಿ.ಮೀ. ತುಳಿಯಲು ಏಳು ಗಂಟೆಗಿಂತ ತುಸು ಹೆಚ್ಚು ಬೇಕು. ಇನ್ನಷ್ಟು ಜೋರಾಗಿ ತುಳಿದು ಸರಾಸರಿಯನ್ನು 22ಕ್ಕೆ ಏರಿಸಿದರೆ ಉಳಿಯುವುದು ಸುಮಾರು ಇಪ್ಪತ್ತು ನಿಮಿಷ ಮಾತ್ರ, ಮತ್ತು ಆ ಇಪ್ಪತ್ತು ನಿಮಿಷಕ್ಕಾಗಿ ದಿನವಿಡೀ ಏದುಸಿರು ಬಿಡಬೇಕಾಗುತ್ತದೆ. ಅದೇ ಇಪ್ಪತ್ತು ನಿಮಿಷ ಒಂದು ಚಹಾದಂಗಡಿಯ ಮುಂದೆ, ಫೋಟೊ ತೆಗೆಸಿಕೊಳ್ಳುವುದರಲ್ಲಿ, ಗುಂಪಿನಲ್ಲಿ ಕೊನೆಯವರು ಬರಲೆಂದು ಕಾಯುವುದರಲ್ಲಿ ಯಾರ ಅರಿವಿಗೂ ಬಾರದೆ ಕರಗಿಹೋಗುತ್ತದೆ. ಹದಿನೈದು ನಿಮಿಷದ ಎಂಟು ನಿಲುಗಡೆಗಳಾದರೆ ಎರಡು ಗಂಟೆ ಹೋಯಿತು. ದೂರದ ದಿನದಲ್ಲಿ ವೇಗ ಹೆಚ್ಚಿಸುವುದಕ್ಕಿಂತ ನಿಲುಗಡೆ ಕಡಿಮೆ ಮಾಡುವುದು ಅಗ್ಗ ಎಂಬುದನ್ನು ಬ್ರೆವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮಾಡುವವರೆಲ್ಲ ಬೇಗನೆ ಕಲಿಯುತ್ತಾರೆ. ಅಲ್ಲಿ 200 ಕಿ.ಮೀ. ದೂರಕ್ಕೆ ನಿಲುಗಡೆಗಳನ್ನೂ ಸೇರಿಸಿ ಹದಿಮೂರೂವರೆ ಗಂಟೆ ಕಾಲಾವಕಾಶವಿದೆ, ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿಗೂ ಕಡಿಮೆ. ಆ ಲೆಕ್ಕದಿಂದ ನೋಡಿದರೆ ನಿಮ್ಮ ದಿನ ಭಯಪಡುವಂಥದ್ದಲ್ಲ.

ನಿಮ್ಮ ದಾರಿಯನ್ನು ಪ್ರಕೃತಿಯೇ ಮೂರು ಪಾಲು ಮಾಡಿಕೊಟ್ಟಿದೆ. ಅನಂತಪುರದಿಂದ ಗುತ್ತಿ, ಗುತ್ತಿಯಿಂದ ಡೋಣ್, ಡೋಣ್‌ನಿಂದ ಕರ್ನೂಲು, ಪ್ರತಿಯೊಂದೂ ಐವತ್ತರ ಆಸುಪಾಸಿನಲ್ಲಿದೆ. ಗುತ್ತಿ ಮತ್ತು ಡೋಣ್‌ನಲ್ಲಿ ಮಾತ್ರ ಕುಳಿತು ಊಟ, ವಿಶ್ರಾಂತಿ. ನಡುವೆ ಪ್ರತಿ ಪಾಲಿನಲ್ಲೂ ಒಮ್ಮೆ ಐದು ನಿಮಿಷ ನೀರು ತುಂಬಿಸಿಕೊಳ್ಳಲು ಇಳಿದರೆ ಸಾಕು. ಬೆಳಕು ಹರಿಯುವ ಹೊತ್ತಿಗೆ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಚ್ಚಿಕೊಂಡು ಹೊರಟರೆ ನಾಲ್ಕು ಗಂಟೆಯೊಳಗೆ ತುಂಗಭದ್ರೆಯ ದಡದ ಆ ಊರು ಸೇರಿ ಸ್ನಾನ ಮಾಡಬಹುದು.

ಈ ರಸ್ತೆಯಲ್ಲಿ ದೊಡ್ಡ ಘಟ್ಟಗಳಿಲ್ಲ. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬೇಡಿ, ಏಕೆಂದರೆ ಅಲ್ಲಿ ಬೆಟ್ಟದ ಕೆಲಸವನ್ನು ಗಾಳಿ ಮಾಡುತ್ತದೆ. ಡಿಸೆಂಬರಿನಲ್ಲಿ ದಕ್ಷಿಣ ಭಾರತದ ಮೇಲೆ ಸಾಮಾನ್ಯವಾಗಿ ಈಶಾನ್ಯದ ಗಾಳಿ ಬೀಸುತ್ತದೆ. ನಿಮ್ಮ ದಾರಿ ಗುತ್ತಿಯವರೆಗೆ ಉತ್ತರಕ್ಕೆ ಸಾಗಿ, ಅಲ್ಲಿಂದ ಈಶಾನ್ಯಕ್ಕೇ ತಿರುಗುತ್ತದೆ. ಅಂದರೆ ಕಾಲು ದಣಿದ ಮೇಲಿನ ನೂರು ಕಿಲೋಮೀಟರು ಎದುರುಗಾಳಿಯಲ್ಲಿ ಕಳೆಯುವ ಸಂಭವವೇ ಹೆಚ್ಚು. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ನೀವು 20ರ ವೇಗದಲ್ಲಿ ಹೋಗುವಾಗ 15ರ ವೇಗದ ಗಾಳಿ ಎದುರಾದರೆ ನಿಮ್ಮ ಎದೆಗೆ ತಾಗುವುದು 35ರ ಗಾಳಿ, ತಡೆ ಸುಮಾರು ಮೂರು ಪಟ್ಟು. ಆಗ ಮೊದಲಿನ ವೇಗವನ್ನೇ ಉಳಿಸಿಕೊಳ್ಳುತ್ತೇನೆಂದು ಹಟ ಹಿಡಿಯುವುದು ಮನುಷ್ಯ ಸಹಜವಾದರೂ ಅದು ಇಡೀ ದಿನವನ್ನು ಕೆಡಿಸುವ ಹಟ. ವೇಗವನ್ನು ಬಿಟ್ಟುಕೊಡಿ, ಗೇರ್ ಇಳಿಸಿ, ಮೊಣಕೈ ತುಸು ಬಗ್ಗಿಸಿ ಮೈ ತಗ್ಗಿಸಿ, ಉಸಿರಾಟವನ್ನು ಮಾತ್ರ ಗಮನಿಸಿ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲಾಗುತ್ತಿದ್ದರೆ ನಿಮ್ಮ ಶ್ರಮ ಸರಿಯಾಗಿದೆ. ಮೂರು ಪದಕ್ಕೊಮ್ಮೆ ಉಸಿರು ಎಳೆಯಬೇಕಾಗುತ್ತಿದ್ದರೆ ಸಂಜೆಯ ಶಕ್ತಿಯನ್ನು ಬೆಳಿಗ್ಗೆಯೇ ಸಾಲ ತೆಗೆಯುತ್ತಿದ್ದೀರಿ. ಮತ್ತೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರದಲ್ಲಿ ಸಾಗಿದರೆ ಶ್ರಮದ ಕಾಲು ಭಾಗದಷ್ಟು ಉಳಿಯುತ್ತದೆ ಎಂಬುದು ನಿಜ. ಆದರೆ ಹೆದ್ದಾರಿಯಲ್ಲಿ ಅರ್ಧ ಮೀಟರ್ ಅಂತರ ಕಾಪಾಡಿಕೊಳ್ಳುವುದು ಅಭ್ಯಾಸವಿಲ್ಲದವರ ಕೆಲಸವಲ್ಲ. ಯಾತ್ರೆಯ ಮೊದಲ ವಾರದಲ್ಲಿ ನಂಬಿಕೆಯ ಒಬ್ಬಿಬ್ಬರನ್ನು ಗುರುತಿಸಿಕೊಂಡು, ಒಂದು ಸೈಕಲ್ ಉದ್ದದ ಅಂತರದಿಂದ ಆರಂಭಿಸಿ ಕಲಿಯಿರಿ.

ಈಗ ಊಟದ ವಿಷಯ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ನಮ್ಮ ಕಡೆಯವರು ಅತಿ ಹೆಚ್ಚು ತಪ್ಪುವುದೂ ಇಲ್ಲಿಯೇ. ಆ ದಿನ ನೀವು ಗಂಟೆಗೆ 400ರಿಂದ 500 ಕಿಲೋಕ್ಯಾಲೊರಿಯಂತೆ ಒಟ್ಟು ಮೂರು ಸಾವಿರದ ಮೇಲೆ ಖರ್ಚು ಮಾಡುತ್ತೀರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ದೇಹ ಕೂಡಿಟ್ಟಿರುವ ಪಿಷ್ಟ ಸುಮಾರು 400ರಿಂದ 500 ಗ್ರಾಂ ಅಷ್ಟೇ, ಅಂದರೆ 1,600ರಿಂದ 2,000 ಕಿಲೋಕ್ಯಾಲೊರಿ. ಉಳಿದದ್ದನ್ನು ಕೊಬ್ಬು ತುಂಬಿಕೊಡುತ್ತದೆ, ಆದರೆ ನಿಧಾನವಾಗಿ. ಜೋರಾಗಿ ತುಳಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಪಿಷ್ಟವನ್ನೇ ಹೆಚ್ಚು ಉರಿಸುತ್ತದೆ. ಈ ಸಂಗ್ರಹ ಬರಿದಾದರೆ ಕಾಲುಗಳಷ್ಟೇ ಅಲ್ಲ, ಮನಸ್ಸೂ ನಿಂತುಹೋಗುತ್ತದೆ. ನನ್ನ ಮೊದಲ 200 ಕಿ.ಮೀ. ಬ್ರೆವೆಯಲ್ಲಿ ಹುಣಸೂರಿನ ಕಡೆಯಿಂದ ಹಿಂದಿರುಗುತ್ತ, ಬೆಳಗಿನಿಂದ ಎರಡು ಚಹಾ ಮತ್ತು ನಾಲ್ಕು ಬಿಸ್ಕತ್ತಿನಲ್ಲೇ ಇದ್ದ ನಾನು, ಬಿಳಿಕೆರೆ ದಾಟಿದ ಮೇಲೆ ಒಂದು ಮೋರಿಕಟ್ಟೆಯ ಮೇಲೆ ಕುಳಿತವನು ಏಳಲಾರದೆ, ಯಾವ ಕಾರಣವೂ ಇಲ್ಲದೆ ಅಳು ಬಂದಂತಾಗಿ, ಅರ್ಧ ಗಂಟೆ ಹಾಗೆಯೇ ಕುಳಿತಿದ್ದೆ. ಪಕ್ಕದ ಗೂಡಂಗಡಿಯ ನಾಲ್ಕು ಬಾಳೆಹಣ್ಣು ಮತ್ತು ಒಂದು ಕಡಲೆಮಿಠಾಯಿ ಹೊಟ್ಟೆ ಸೇರಿ ಇಪ್ಪತ್ತು ನಿಮಿಷವಾದ ಮೇಲೆ ಲೋಕ ಮೊದಲಿನಂತಾಯಿತು. ತಪ್ಪು ಪೂರ್ತಿ ನನ್ನದೇ. ಹಸಿವಾಗಲಿಲ್ಲ, ಅದಕ್ಕೇ ತಿನ್ನಲಿಲ್ಲ. ಸೈಕಲ್ ಮೇಲೆ ಹಸಿವು ಬಹಳ ತಡವಾಗಿ ಬರುವ ಸೂಚನೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋಗಬೇಕು, ಮತ್ತು ಅದು ಹೊರಟ ಮೊದಲ ಮುಕ್ಕಾಲು ಗಂಟೆಯೊಳಗೇ ಆರಂಭವಾಗಬೇಕು. ಇದಕ್ಕೆ ವಿದೇಶಿ ಪೊಟ್ಟಣಗಳನ್ನು ಕೊಳ್ಳಬೇಕಾಗಿಲ್ಲ. ಸಾಧಾರಣ ಗಾತ್ರದ ಒಂದು ಪಚ್ಚಬಾಳೆಹಣ್ಣಿನಲ್ಲಿ 25 ಗ್ರಾಂನಷ್ಟು ಇದೆ. ಏಲಕ್ಕಿ ಬಾಳೆ ಚಿಕ್ಕದು, ಎರಡು ತಿನ್ನಿ. ನಿಮ್ಮ ಮಂಡ್ಯದ ಅಚ್ಚುಬೆಲ್ಲ ಬಹುಪಾಲು ಸುಕ್ರೋಸ್. ಅದು ಹೊಟ್ಟೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕರುಳು ಇವೆರಡನ್ನು ಬೇರೆ ಬೇರೆ ದಾರಿಯಿಂದ ಹೀರಿಕೊಳ್ಳುವುದರಿಂದ ಬರೀ ಗ್ಲೂಕೋಸಿಗಿಂತ ಹೆಚ್ಚಿನ ಸಕ್ಕರೆಯನ್ನು ದೇಹ ಸಲೀಸಾಗಿ ತೆಗೆದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಕಾಲು ಚಮಚ ಉಪ್ಪು ಸೇರಿಸಿ ಸೋಸಿದರೆ, ಅಂಗಡಿಯ ಬಣ್ಣದ ಪಾನೀಯಕ್ಕೆ ಯಾವ ರೀತಿಯಲ್ಲೂ ಕಡಿಮೆಯಿಲ್ಲದ ಪಾನಕ ಸಿದ್ಧ. ರಾಮನವಮಿಯ ಪಾನಕಕ್ಕಿಂತ ಸಿಹಿ ಕಡಿಮೆ ಇರಬೇಕು ಎಂಬುದನ್ನು ಮಾತ್ರ ಮನೆಯವರಿಗೆ ತಿಳಿಸಿ. ಸಿಹಿ ಹೆಚ್ಚಾದರೆ ಅದು ಹೊಟ್ಟೆಯಲ್ಲೇ ನಿಂತು ಓಕರಿಕೆ ತರಿಸುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಇಡ್ಲಿ ಅಥವಾ ಅವಲಕ್ಕಿ, ಡೋಣ್‌ನಲ್ಲಿ ಮೊಸರನ್ನ, ಇಷ್ಟು ಸಾಕು. ಮುದ್ದೆಯನ್ನು ಬಿಡಬೇಕೇ ಎಂದು ಮಂಡ್ಯದವರು ಕೇಳದೆ ಇರಲಾರರು, ಆದ್ದರಿಂದ ಮೊದಲೇ ಹೇಳುತ್ತೇನೆ: ಹಿಂದಿನ ರಾತ್ರಿ ಮುದ್ದೆ, ಸೊಪ್ಪಿನ ಸಾರು ಬಹಳ ಒಳ್ಳೆಯದು. ಬೆಳಿಗ್ಗೆ ಸವಾರಿಗೆ ಮುನ್ನ ಬೇಡ, ಅದರ ನಾರು ನಿಧಾನವಾಗಿ ಜೀರ್ಣವಾಗುವುದರಿಂದ ಮೊದಲ ಎರಡು ಗಂಟೆ ಹೊಟ್ಟೆ ಭಾರವಾಗಿರುತ್ತದೆ. ಮದ್ದೂರು ವಡೆಯನ್ನು ತಲುಪಿದ ಮೇಲೆ ತಿನ್ನಲು ಇಟ್ಟುಕೊಳ್ಳಿ.

ನೀರಿನ ವಿಷಯದಲ್ಲಿ ಎರಡು ಕಡೆಯೂ ಅಪಾಯವಿದೆ. ಅನಂತಪುರದ ಸುತ್ತಲಿನ ಸೀಮೆ ದಕ್ಷಿಣ ಭಾರತದಲ್ಲೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಡಿಸೆಂಬರಿನ ಬಿಸಿಲು ಉಗ್ರವಲ್ಲದಿದ್ದರೂ ನೆರಳು ಕಡಿಮೆ, ಗಾಳಿ ಒಣ; ಬೆವರು ಬಂದದ್ದೇ ಆರಿಹೋಗುವುದರಿಂದ ಎಷ್ಟು ಕಳೆದುಕೊಂಡಿರೆಂದು ತಿಳಿಯುವುದಿಲ್ಲ. ಮತ್ತೊಂದು ಕಡೆ, ಭಯದಿಂದ ಗಂಟೆಗಟ್ಟಲೆ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ಅದು ನಿರ್ಜಲೀಕರಣಕ್ಕಿಂತ ಕಡಿಮೆ ಅಪಾಯದ್ದಲ್ಲ. ಅಭ್ಯಾಸದ ಸವಾರಿಗೆ ಮುನ್ನ ಮತ್ತು ನಂತರ ಒಣ ಮೈಯಲ್ಲಿ ತೂಕ ನೋಡಿಕೊಳ್ಳಿ. ಒಂದೆರಡು ಕಿಲೋ ಇಳಿದಿದ್ದರೆ ಸಹಜ, ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು ಎಂದರ್ಥ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯನ್ನೋ ಉಪ್ಪುಕಡಲೆಯನ್ನೋ ಸೇರಿಸಿಕೊಳ್ಳಿ.

ಅಭ್ಯಾಸಕ್ಕೆ ನಿಮ್ಮ ಊರು ಅನುಕೂಲವಾಗಿದೆ. ವಾರದಲ್ಲಿ ಎರಡು ಬೆಳಿಗ್ಗೆ ಒಂದೊಂದು ಗಂಟೆ, ಭಾನುವಾರ ಒಂದು ದೂರದ ಸವಾರಿ. ಭಾನುವಾರದ ದೂರ 70, 80, 90 ಎಂದು ಏರಿ, ನಾಲ್ಕನೆಯ ವಾರ 60ಕ್ಕೆ ಇಳಿದು, ಮತ್ತೆ 100, 110, 125 ಎಂದು ಏರಲಿ. ಎಂಟನೆಯ ವಾರ ಮತ್ತೆ ಹಗುರವಾಗಲಿ. ಒಂಬತ್ತನೆಯ ವಾರಾಂತ್ಯದಲ್ಲಿ ಶನಿವಾರ 100, ಭಾನುವಾರ 70 ಹೀಗೆ ಬೆನ್ನಿಗೆ ಬೆನ್ನು ಹೋಗಿ, ಕೊನೆಯ ವಾರ ವಿಶ್ರಾಂತಿ. ಪೂರ್ತಿ 150ನ್ನು ಮೊದಲೇ ತುಳಿದು ನೋಡುವ ಅಗತ್ಯವಿಲ್ಲ. ದಣಿದ ಕಾಲಿನಿಂದ ಎರಡನೆಯ ದಿನ ಸೀಟಿನ ಮೇಲೆ ಕೂರುವ ಅನುಭವವೇ ನಿಮಗೆ ಹೆಚ್ಚು ಬೇಕಾದದ್ದು. ದೂರದ ದಿನಗಳಿಗೆ ಮಂಡ್ಯ, ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಮತ್ತೆ ಮಂಡ್ಯ ಎಂಬ ಸುತ್ತು ಒಳ್ಳೆಯದು. ನೂರರ ಮೇಲಾಗುತ್ತದೆ, ಮೇಲುಕೋಟೆಯ ಏರು ಗೇರ್ ಬಳಸುವುದನ್ನೂ ತಾಳ್ಮೆಯನ್ನೂ ಕಲಿಸುತ್ತದೆ. ಮೈಸೂರಿನ ಕಡೆ ಬರುವುದಾದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅಲ್ಲಿ ಎದುರಿನಿಂದ ತಪ್ಪು ದಿಕ್ಕಿನಲ್ಲಿ ಬರುವ ವಾಹನಗಳ ಬಗ್ಗೆ ಎಚ್ಚರವಿರಲಿ. ಮೈಸೂರು ಮಂಡ್ಯಕ್ಕಿಂತ ಎಂಬತ್ತು ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಬರುವಾಗ ಸಣ್ಣ ಏರು ಇರುತ್ತದೆ. ನವೆಂಬರಿನಲ್ಲಿ ಈಶಾನ್ಯದ ಗಾಳಿ ಶುರುವಾದ ಮೇಲೆ ಮೈಸೂರಿನಿಂದ ಮಂಡ್ಯಕ್ಕೆ ಹಿಂದಿರುಗುವ ದಾರಿ ಎದುರುಗಾಳಿಯದಾಗುತ್ತದೆ. ಕರ್ನೂಲಿನ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ. ನಾಲೆ ಏರಿಯ ಮೇಲಿನ ರಸ್ತೆಗಳನ್ನು ಮಾತ್ರ ಕತ್ತಲಲ್ಲಿ ಬಳಸಬೇಡಿ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಎಲ್ಲಿ ನಿಂತಿರುತ್ತವೆಂದು ಹೇಳಲಾಗದು.

ಸೀಟಿನ ಎತ್ತರವನ್ನು ಈ ವಾರವೇ ಸರಿಪಡಿಸಿಕೊಳ್ಳಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಅತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ಬೇಕಾದಷ್ಟು ಬಗ್ಗುತ್ತದೆ. ಮಂಡಿಯ ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಥವಾ ಭಾರದ ಗೇರಿನಲ್ಲಿ ತುಳಿಯುತ್ತಿದ್ದೀರಿ, ಹಿಂದೆ ನೋವಿದ್ದರೆ ಸೀಟು ಹೆಚ್ಚು ಎತ್ತರವಾಗಿದೆ. ನಿಮಿಷಕ್ಕೆ ಎಂಬತ್ತರ ಆಸುಪಾಸು ಪೆಡಲ್ ತಿರುಗುವಂಥ ಹಗುರ ಗೇರ್ ಮಂಡಿಗೆ ಹಿತ. ಉಂಗುರದ ಬೆರಳು ಮತ್ತು ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯಲ್ಲಿ ಅಲ್ನಾರ್ ನರ ಒತ್ತಿಹೋಗುತ್ತಿದೆ. ಹ್ಯಾಂಡಲ್ ಹಿಡಿತವನ್ನು ಆಗಾಗ ಬದಲಿಸಿ. ಸೈಕ್ಲಿಂಗ್ ಚಡ್ಡಿಯೊಳಗೆ ಬೇರೆ ಒಳ ಉಡುಪು ಧರಿಸಬಾರದು ಎಂಬುದನ್ನು ನಮ್ಮವರಿಗೆ ಯಾರೂ ಸಂಕೋಚದಿಂದ ಹೇಳುವುದಿಲ್ಲ, ಗಾಯವಾದ ಮೇಲೆ ನಮ್ಮ ಬಳಿ ಬರುತ್ತಾರೆ. ಎರಡು ಚಡ್ಡಿಗಳಿರಲಿ, ದಿನವೂ ಒಗೆದು ಪೂರ್ತಿ ಒಣಗಿದ್ದನ್ನೇ ಹಾಕಿಕೊಳ್ಳಿ, ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ನೋವಿನ ಮಾತ್ರೆ ನುಂಗಿಕೊಂಡು ತುಳಿಯುವುದನ್ನು ನಾನು ಒಪ್ಪುವುದಿಲ್ಲ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥವು ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನಿಮ್ಮ ವಯಸ್ಸಿಗೆ ಹೊರಡುವ ಮುನ್ನ ರಕ್ತದೊತ್ತಡ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳುವುದು ಅವಶ್ಯ.

ಪಂಕ್ಚರ್ ಬಗ್ಗೆ ಒಂದೇ ಮಾತು. ಆ ಸೀಮೆಯಲ್ಲಿ ರಸ್ತೆ ಬದಿಯ ತುಂಬ ಬಳ್ಳಾರಿ ಜಾಲಿ. ಹೆದ್ದಾರಿಯ ಅಂಚಿನಲ್ಲಿ ಒಡೆದ ಲಾರಿ ಟೈರುಗಳ ಸಣ್ಣ ಉಕ್ಕಿನ ತಂತಿಗಳು. ಟ್ಯೂಬ್ ಬದಲಿಸುವಾಗ ಟೈರಿನ ಒಳಗೆ ಹತ್ತಿಯ ಉಂಡೆಯೊಂದನ್ನು ಸವರಿ ನೋಡಿ. ಕಣ್ಣಿಗೆ ಕಾಣದ ತಂತಿಗೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿನಲ್ಲಿ ಅದೂ ಹೋಗುತ್ತದೆ.

ಸಹಾಯಾರ್ಥ ಯಾತ್ರೆಗೆ ಮಾತ್ರ ಇರುವ ಒಂದು ತೊಂದರೆ ಸ್ವಾಗತ ಸಮಾರಂಭ. ಬೆವರಿದ ಬಟ್ಟೆಯಲ್ಲಿ, ಹಾರ ಹಾಕಿಸಿಕೊಂಡು, ಒಂದೂವರೆ ಗಂಟೆ ಭಾಷಣ ಕೇಳುತ್ತ ನಿಂತವರ ಕಾಲು ಮರುದಿನ ಮರದಂತಾಗಿರುತ್ತದೆ. ತಲುಪಿದ ಒಂದು ಗಂಟೆಯೊಳಗೆ ಅನ್ನ, ಬೇಳೆ, ಮೊಸರು ಅಥವಾ ಮೊಟ್ಟೆ ಹೊಟ್ಟೆಗೆ ಬಿದ್ದರೆ ಸ್ನಾಯುಗಳು ಹತ್ತನೆಯ ದಿನಕ್ಕೆ ಮತ್ತೆ ತುಂಬಿಕೊಳ್ಳುತ್ತವೆ. ಕರ್ನೂಲಿನ ಕಾರ್ಯಕ್ರಮವನ್ನು ಸ್ನಾನ, ಊಟಗಳ ನಂತರಕ್ಕೆ ಇಡುವಂತೆ ಸಂಘಟಕರಿಗೆ ಈಗಲೇ ಪತ್ರ ಬರೆಯಿರಿ. ಮರ್ಯಾದೆಗೆಟ್ಟ ಬೇಡಿಕೆ ಎಂದು ಯಾರೂ ಭಾವಿಸುವುದಿಲ್ಲ, ಉಳಿದ ಸವಾರರು ನಿಮ್ಮನ್ನು ಹರಸುತ್ತಾರೆ.

ಕೊನೆಗೆ ವ್ಯಾನಿನ ಮಾತು. ಬೆವರು ಹಠಾತ್ತನೆ ನಿಂತು ಮೈ ಚಳಿಗುಟ್ಟುವುದು, ಮಾತು ತೊದಲುವುದು, ಎದೆಯಲ್ಲಿ ಬಿಗಿತ, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಕ್ಷಣವೇ ಸೈಕಲ್ ಇಳಿಯಬೇಕು. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಕಷ್ಟವೇನೆಂದರೆ ಆ ಸ್ಥಿತಿಯಲ್ಲಿ ತೀರ್ಮಾನಿಸುವ ಬುದ್ಧಿಯೇ ಮಂಕಾಗಿರುತ್ತದೆ, ಅದರ ಮೇಲೆ ಪ್ರತಿ ಕಿಲೋಮೀಟರಿಗೂ ಬೆಲೆ ಕಟ್ಟಿದ್ದರೆ ನಿಮ್ಮಂಥ ಮನಸ್ಸಾಕ್ಷಿಯವರು ಇಳಿಯುವುದೇ ಇಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆಂದು ಹೊರಟವರು ತಮ್ಮ ಹೃದಯವನ್ನೇ ಪಣಕ್ಕಿಡುವುದನ್ನು ದಾನಿಗಳು ಬಯಸಿರಲಾರರು. ಆದ್ದರಿಂದ ಹೊರಡುವ ಮೊದಲೇ ಎರಡು ಕೆಲಸ ಮಾಡಿ. ಕಿಲೋಮೀಟರಿಗೆ ಇಷ್ಟು ಎಂದು ಬರೆಸಿದವರನ್ನು ಒಬ್ಬೊಬ್ಬರನ್ನಾಗಿ ಕಂಡು, ಅದನ್ನು ಇಡೀ ಯಾತ್ರೆಗೆ ಇಷ್ಟು ಎಂಬ ಒಟ್ಟು ಮೊತ್ತವಾಗಿ ಬದಲಿಸಲು ಕೇಳಿ. ಲೆಕ್ಕ ಗುಣಿಸಿ ನೀವೇ ಚೀಟಿಯಲ್ಲಿ ಬರೆದು ಕೊಟ್ಟರೆ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಜೊತೆಯ ಸವಾರರಲ್ಲಿ ಒಬ್ಬರನ್ನು ಆರಿಸಿ, ಅವರು ಇಳಿಯಿರಿ ಎಂದರೆ ಎದುರು ಮಾತಿಲ್ಲದೆ ಇಳಿಯುತ್ತೇನೆ ಎಂದು ಕನ್ಯಾಕುಮಾರಿಯಲ್ಲೇ ಮಾತು ಕೊಡಿ, ಅವರಿಂದಲೂ ಅದೇ ಮಾತನ್ನು ಪಡೆಯಿರಿ.